ಪಾದಬಂಧ ಪ್ರಸಂಗ

ಐವತ್ತೆರಡನೆಯ ವಯಸ್ಸಿನವರೆಗೆ ನನ್ನ ಪಾದಗಳು ಸ್ವತಂತ್ರವಾಗಿದ್ದವು. ಪುತ್ತೂರಿನ ಸಮೀಪದ ಹಳ್ಳಿಯೊಂದರಲ್ಲಿ ಬಾಲ್ಯದ ಬಹುಭಾಗವನ್ನು ಬರಿಗಾಲಿನಲ್ಲಿಯೇ ಕಳೆದು, ಗಂಟೆಗೆ ಐವತ್ತು ಪೈಸೆಯ ಬಾಡಿಗೆ ಸೈಕಲ್ಲಿನ ಮೇಲುಗಂಬಿಯ ಕೆಳಗೆ ಒಂದು ಕಾಲನ್ನು ತೂರಿಸಿ, ಒಳಪೆಡಲು ತುಳಿಯುತ್ತ ಸವಾರಿಯನ್ನು ಕಲಿತವನು ನಾನು. ಆ ಸೈಕಲ್ಲಿನ ಪೆಡಲುಗಳಲ್ಲಿ ರಬ್ಬರಿನ ಕುರುಹೇ ಉಳಿದಿರಲಿಲ್ಲ. ಬ್ರೇಕು ಇದ್ದೂ ಇಲ್ಲದಂತಿದ್ದಿತು. ಗಂಟೆಯೊಂದನ್ನುಳಿದು ಮಿಕ್ಕೆಲ್ಲ ಭಾಗಗಳೂ ಸದ್ದು ಮಾಡುತ್ತಿದ್ದವು. ಆದರೆ ಅಪಾಯವೊದಗಿದ ಕ್ಷಣದಲ್ಲಿ ನನ್ನ ಪಾದವು ಯಾರ ಅಪ್ಪಣೆಗೂ ಕಾಯದೆ ತಾನಾಗಿಯೇ ಇಳಿದುಹೋಗಿ ನೆಲವನ್ನು ಮುಟ್ಟುತ್ತಿದ್ದಿತು, ಮತ್ತು ಆ ಭೂಸ್ಪರ್ಶವೊಂದೇ ನನಗೂ ಆ ವಾಹನಕ್ಕೂ ಇದ್ದ ಏಕಮಾತ್ರ ರಕ್ಷೆಯಾಗಿದ್ದಿತು.

ಮುಂದೆ ದುಬೈಗೆ ಬಂದು, ಅಲ್ ಕುಸೈಸಿನ ಒಂದು ಬಾಡಿಗೆ ಮನೆಯಲ್ಲಿ ನೆಲೆಸಿ, ಅನ್ಯರ ಲೆಕ್ಕಪತ್ರಗಳನ್ನು ತಾಳೆ ನೋಡುವ ವೃತ್ತಿಯಲ್ಲಿ ಇಪ್ಪತ್ತನಾಲ್ಕು ವರ್ಷಗಳನ್ನು ಸವೆಸಿದಾಗಲೂ ಪಾದಗಳ ಈ ಅಭ್ಯಾಸವು ತಪ್ಪಲಿಲ್ಲ. ಕೊಲ್ಲಿಯಲ್ಲಿ ದುಡಿಯುವ ನಮ್ಮವರಾರೂ ಎರಡೂ ಕಾಲುಗಳನ್ನು ಒಂದೇ ಕಡೆ ಊರಿ ನಿಂತವರಲ್ಲ. ಎರಡು ವರ್ಷಕ್ಕೊಮ್ಮೆ ವೀಸಾ ನವೀಕರಿಸುವಾಗಲೆಲ್ಲ ‘ಇದೊಂದು ಸಲ, ಮತ್ತೆ ಊರಿಗೆ’ ಎಂದು ಶಪಥ ಮಾಡುತ್ತ, ಸೋಫಾ ಕೊಳ್ಳುವಾಗ ಅದು ಹಡಗಿನಲ್ಲಿ ಹೋದೀತೇ ಎಂದು ಅಳತೆ ನೋಡುತ್ತ, ಒಂದು ಕಾಲನ್ನು ಸದಾ ನೆಲದ ಕಡೆಗೆ ಇಳಿಬಿಟ್ಟುಕೊಂಡೇ ಬಾಳನ್ನು ಸಾಗಿಸುವವರು ನಾವು. ಇಂತಹ ಕಾಲನ್ನು ಪೆಡಲಿಗೆ ಕಟ್ಟಿಹಾಕುವ ದುರ್ಬುದ್ಧಿ ನನಗೆ ಹುಟ್ಟಿದ್ದು ಹೇಗೆಂಬುದನ್ನು ಇಲ್ಲಿ ನಿವೇದಿಸಬೇಕಾಗಿದೆ.

ಮೂಲಕಾರಣ ಸಕ್ಕರೆ. ‘ನಿಮ್ಮ ರಕ್ತದಲ್ಲಿ ಅದು ಗಡಿಯ ಮೇಲೆಯೇ ನಿಂತಿದೆ, ದಾಟುವುದಕ್ಕೆ ಅದಕ್ಕೆ ವೀಸಾ ಕೂಡ ಬೇಕಾಗಿಲ್ಲ’ ಎಂದು ವೈದ್ಯರು ಹೇಳಿದ ಮರುವಾರವೇ ನಾನೊಂದು ಸೈಕಲ್ಲನ್ನು ಕೊಂಡೆನು. ಈ ದೇಶದಲ್ಲಿ ಸೈಕಲ್ಲೆಂಬುದು ಎರಡು ವರ್ಣಗಳಾಗಿ ಒಡೆದಿದೆ. ಒಂದು, ಗ್ರೋಸರಿಯ ಹುಡುಗನು ಹ್ಯಾಂಡಲ್ಲಿಗೆ ಹಾಲು ಮೊಸರಿನ ಚೀಲಗಳನ್ನು ತೂಗಹಾಕಿಕೊಂಡು ಮಧ್ಯಾಹ್ನದ ಉರಿಯಲ್ಲಿ ತುಳಿಯುವ ಕಬ್ಬಿಣದ್ದು. ಇನ್ನೊಂದು, ಅವನ ಹಲವು ವರ್ಷಗಳ ಸಂಬಳವನ್ನು ಕೂಡಿಸಿದರೂ ಕೈಗೆಟುಕದ, ಕಿರುಬೆರಳಿನಿಂದ ಎತ್ತಬಹುದಾದ, ಶನಿವಾರದ ಬೆಳಗಿನ ಜಾವದಲ್ಲಿ ಮಾತ್ರ ಪ್ರತ್ಯಕ್ಷವಾಗುವ ಇಂಗಾಲದ್ದು. ನನ್ನದು ಇವೆರಡರ ನಡುವಣ ಸಂಕರ. ಅದನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು, ಆಫೀಸಿನ ತರುಣ ಸಹೋದ್ಯೋಗಿಯೊಬ್ಬನ ಮಾರ್ಗದರ್ಶನದಲ್ಲಿ, ನಾನು ಅಲ್ ಕುದ್ರಾಕ್ಕೆ ಹೋದೆನು.

ಅಲ್ ಕುದ್ರಾ ಎಂದರೆ ನಗರದ ದೀಪಗಳು ಹಿಂದುಳಿದ ಮೇಲೆ ಮರುಭೂಮಿಯೊಳಕ್ಕೆ ಬಳುಕುತ್ತ ಸಾಗುವ, 80 ಕಿಲೋಮೀಟರಿಗೂ ಮಿಕ್ಕ, ಸೈಕಲ್ಲಿಗಲ್ಲದೆ ಅನ್ಯ ವಾಹನಕ್ಕೆ ಎಡೆಯಿಲ್ಲದ ಡಾಂಬರು ಹಾದಿ. ಇಕ್ಕೆಲದಲ್ಲಿಯೂ ಮರಳಿನ ದಿಣ್ಣೆ; ಅಲ್ಲಲ್ಲಿ ಗಾಫ್ ಮರ; ಅದೃಷ್ಟವಿದ್ದರೆ, ಬೆಳಕು ಮೂಡುವ ಹೊತ್ತಿಗೆ, ನೀಳವಾದ ಕೋಡುಗಳ ಬಿಳಿಯ ಓರಿಕ್ಸ್ ಮೃಗವೊಂದು ಹಾದಿಯ ಬದಿಯಲ್ಲಿ ನಿಂತು ನಮ್ಮ ಅವಸರವನ್ನು ನಿರ್ವಿಕಾರವಾಗಿ ನೋಡುತ್ತಿರುತ್ತದೆ. ಬೇಸಗೆಯಲ್ಲಿ ನಾಲ್ಕೂವರೆಗೇ ಹೊರಡದಿದ್ದರೆ ಗತಿಯಿಲ್ಲ. ಆ ಹೊತ್ತಿಗೂ ಗಾಳಿಯೆಂಬುದು ಇಡ್ಲಿ ಅಟ್ಟದ ಮುಚ್ಚಳ ತೆರೆದಂತೆ ಮುಖಕ್ಕೆ ಹೊಡೆಯುತ್ತಿರುತ್ತದೆ. ಆ ನಸುಗತ್ತಲೆಯಲ್ಲಿ ನಾನು ಮೊದಲು ಗಮನಿಸಿದ್ದು ಒಂದು ಸದ್ದನ್ನು. ನಲವತ್ತು ಮಂದಿ ಸವಾರರು ಹೊರಡುವುದಕ್ಕೆ ಅಣಿಯಾದಂತೆ, ಒಬ್ಬೊಬ್ಬರ ಬಳಿಯಿಂದಲೂ ‘ಟಕ್’, ಮತ್ತೆ ಮೂರು ಮಾರು ಮುಂದೆ ಹೋಗಿ ಇನ್ನೊಂದು ‘ಟಕ್’. ಹೀಗೆ ಎಂಬತ್ತು ‘ಟಕ್’ಗಳು ಒಂದರ ಹಿಂದೊಂದು ಹೊರಟು, ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಗಳು ಗೆಜ್ಜೆ ಕಟ್ಟಿ ಎದ್ದು ನಿಂತ ಸಂಭ್ರಮವನ್ನು ನೆನಪಿಗೆ ತಂದವು. ನಲವತ್ತೊಂದನೆಯವನಾದ ನನ್ನ ಬಳಿಯಿಂದ ಏನೂ ಸದ್ದು ಬರಲಿಲ್ಲ. ನಾನು ತೊಟ್ಟಿದ್ದು ಕ್ಯಾನ್ವಾಸ್ ಶೂ. ಅದು ಬೆವರಿಗೆ ಜಾರಿ, ಪೆಡಲಿನ ಹಲ್ಲುಗಳು ಮೊಣಕಾಲ ಕೆಳಗಿನ ಎಲುಬನ್ನು ಎರಡು ಸಲ ಕೆತ್ತಿದ ಮೇಲೆ, ತರುಣನು ನನ್ನ ಪಾದಗಳ ಕಡೆಗೆ ಅನುಕಂಪದ ದೃಷ್ಟಿಯನ್ನು ಬೀರಿ, ‘ಸರ್, ನೀವು ಕ್ಲಿಪ್‌ಲೆಸ್‌ಗೆ ಬರಬೇಕು’ ಎಂದು ಉಪದೇಶ ಮಾಡಿದನು.

ಕ್ಲಿಪ್‌ಲೆಸ್ ಎಂದರೆ ಕ್ಲಿಪ್ಪೇ ಇಲ್ಲದ್ದು ಎಂದರ್ಥವಷ್ಟೆ. ಕ್ಲಿಪ್ಪಿಲ್ಲದ ಈ ಪೆಡಲಿಗೆ ಕಾಲನ್ನು ಸಿಕ್ಕಿಸುವುದಕ್ಕೆ ‘ಕ್ಲಿಪ್ ಇನ್’ ಎನ್ನುತ್ತಾರೆ. ಬಿಡಿಸಿಕೊಳ್ಳುವುದಕ್ಕೆ ‘ಕ್ಲಿಪ್ ಔಟ್’ ಎನ್ನುತ್ತಾರೆ. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆಯನ್ನು ನಾನು ಬಲ್ಲೆನು. ಆದರೆ ಹೆಸರಿನಲ್ಲಿ ಮಜ್ಜಿಗೆಯೂ ಇಲ್ಲವೆಂದು ಸಾರಿ ಮನೆಯೊಳಗೆ ಹಾಲಿನ ಕಡಲನ್ನೇ ಬಚ್ಚಿಟ್ಟುಕೊಂಡ ಭಟ್ಟನನ್ನು ಕಂಡದ್ದು ಇದೇ ಮೊದಲು. ವಿಚಾರಿಸಲಾಗಿ ತಿಳಿದದ್ದೇನೆಂದರೆ, ಹಿಂದಿನ ಪಂದ್ಯಗಾರರು ಪೆಡಲಿನ ತುದಿಗೆ ಬೆರಳುಗಳನ್ನು ತೂರಿಸುವ ಒಂದು ಪಂಜರವನ್ನು ಜೋಡಿಸಿ, ಅದರ ಮೇಲೊಂದು ಚರ್ಮದ ಪಟ್ಟಿಯನ್ನು ಬಿಗಿದುಕೊಳ್ಳುತ್ತಿದ್ದರು. ಆ ಪಂಜರದ ಹೆಸರೇ ಕ್ಲಿಪ್. ಇಳಿಯಬೇಕಾದರೆ ಓಡುವ ಸೈಕಲ್ಲಿನಿಂದಲೇ ಬಾಗಿ ಕೈಯಿಂದ ಪಟ್ಟಿಯನ್ನು ಸಡಿಲಿಸಬೇಕು. ಪಂಜರವು ಹೋಯಿತು, ಹೆಸರು ಉಳಿಯಿತು. ಪಂಜರವಿಲ್ಲದೆಯೇ ಪಾದವನ್ನು ಪೆಡಲಿಗೆ ಕಚ್ಚಿಸುವ ಯುಕ್ತಿಗೆ ಅಮೆರಿಕದ ರೋಡ್ ಐಲೆಂಡಿನ ಚಾರ್ಲ್ಸ್ ಹ್ಯಾನ್ಸನ್ ಎಂಬವನು 1895ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದನಾದರೂ, ಲೋಕವು ಅದನ್ನು ನಂಬಿದ್ದು 1984ರಲ್ಲಿ ಫ್ರಾನ್ಸಿನ ಲುಕ್ ಎಂಬ ಕಂಪೆನಿಯು ಅಂತಹ ಪೆಡಲನ್ನು ಮಾರುಕಟ್ಟೆಗೆ ತಂದು, ಮರುವರ್ಷ ಬರ್ನಾರ್ ಇನೋ ಎಂಬ ಮಹಾ ಸವಾರನು ಅದನ್ನೇ ತುಳಿದು ತನ್ನ ಐದನೆಯ ಟೂರ್ ದ ಫ್ರಾನ್ಸನ್ನು ಗೆದ್ದ ಮೇಲೆಯೇ. ಲುಕ್ ಕಂಪೆನಿಯ ಕುಲಕಸುಬು ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟನ್ನು ಕಚ್ಚಿಸುವ ಕೊಂಡಿಗಳನ್ನು ಮಾಡುವುದು. ಬಿದ್ದರೆ ಕಾಲು ಮುರಿಯದೆ ಕೊಂಡಿಯು ತಾನೇ ಬಿಟ್ಟುಕೊಳ್ಳುವ ಆ ಉಪಾಯವನ್ನೇ ಅವರು ಪೆಡಲಿಗೆ ತಂದರು. ಹಿಮದ ದೇಶದ ಕೊಂಡಿಯು ಮರಳಿನ ದೇಶಕ್ಕೆ ಬಂದುದು ಸೋಜಿಗವೆಂದು ಯಾರಾದರೂ ಹೇಳುವುದಾದರೆ, 2005ರಿಂದೀಚೆಗೆ ಮಾಲೊಂದರ ಹೊಟ್ಟೆಯೊಳಗೆ ಹಿಮದ ಗುಡ್ಡವನ್ನು ಸಾಕಿಕೊಂಡಿರುವ ಈ ಊರಿನಲ್ಲಿ ಅದು ಸೋಜಿಗವೇ ಅಲ್ಲವೆಂದು ನಾನು ಉತ್ತರಿಸುವೆನು.

ಶೇಖ್ ಜಾಯೆದ್ ರಸ್ತೆಯ ಬದಿಯ ಒಂದು ಅಂಗಡಿಗೆ, ಸಂಜೆಯ ಹೊತ್ತಿನಲ್ಲಿ, ಏಕೆಂದರೆ ಪಾದವು ಹಗಲೆಲ್ಲ ಊದಿಕೊಂಡು ಸಂಜೆಗೆ ತನ್ನ ನಿಜವಾದ ಅಳತೆಗೆ ಬರುತ್ತದೆಂದು ಯಾರೋ ಹೇಳಿದ್ದರಾದ್ದರಿಂದ, ನಾನು ಹೋದೆನು. ಅಲ್ಲಿ ಗೋಡೆಯ ತುಂಬ ಪೆಡಲುಗಳು, ಚಿನ್ನದಂಗಡಿಯ ಓಲೆಗಳಂತೆ, ಜೋಡಿ ಜೋಡಿಯಾಗಿ ತೂಗುತ್ತಿದ್ದವು. ಇಂಗ್ಲಿಷಿನಲ್ಲಿ ನನ್ನ ಅಜ್ಞಾನವನ್ನು ಹೇಗೆ ಮಂಡಿಸಲಿ ಎಂದು ಯೋಚಿಸುತ್ತ ನಿಂತಿರುವಾಗಲೇ, ಅಂಗಡಿಯ ಯುವಕನು ಫೋನಿನಲ್ಲಿ ಯಾರಿಗೋ ‘ಈರ್ ಬಲೆ, ಯಾನ್ ತೂಪೆ’ ಎಂದದ್ದು ಕಿವಿಗೆ ಬಿದ್ದಿತು. ಕುಂಬಳೆಯವನು. ಕಾಸರಗೋಡಿನ ಆ ಅಂಚಿನಲ್ಲಿ ಹುಟ್ಟಿದವರಿಗೆ ಕನ್ನಡ, ತುಳು, ಮಲಯಾಳ ಮೂರೂ ಗಂಜಿಗೆ ಉಪ್ಪಿನಕಾಯಿಯಷ್ಟು ಸಹಜ. ದುಬೈ ಇವನಿಗೆ ಹಿಂದಿ, ಇಂಗ್ಲಿಷು, ಅರಬ್ಬಿಗಳನ್ನೂ ಸೇರಿಸಿಕೊಟ್ಟಿತ್ತು. ನಾನು ಪುತ್ತೂರಿನವನೆಂದು ತಿಳಿದದ್ದೇ ತಡ, ಅವನು ಗಿರಾಕಿಯನ್ನು ಬಿಟ್ಟು ಅಣ್ಣನನ್ನು ಹಿಡಿದನು.

“ಅಣ್ಣ, ಮೊದಲು ಒಂದು ಹೇಳಿ. ದಾರಿಯಲ್ಲಿ ಚಾಯ ಕುಡಿಲಿಕ್ಕೆ ನಿಲ್ಲುವ ಅಭ್ಯಾಸ ಉಂಟಾ?”

“ಉಂಟು. ಅದಕ್ಕೇ ಹೋಗುವುದು.”

“ಹಾಗಾದರೆ ಮೂರು ಬೋಲ್ಟಿನದ್ದು ನಿಮಗೆ ಬೇಡವೇ ಬೇಡ. ಅದು ಹಾಕಿ ನಡೆದರೆ ಬಾತುಕೋಳಿ ಹಾಗೆ ಕಾಣ್ತದೆ.”

ಅನಂತರ ಅವನು ಸುಮಾರು ಮುಕ್ಕಾಲು ಗಂಟೆಯ ಕಾಲ ಬೋಧಿಸಿದ ತತ್ತ್ವದ ಸಾರಾಂಶವನ್ನು ಹೇಳುವುದಾದರೆ, ಶೂವಿನ ಅಟ್ಟೆಗೆ ಕ್ಲೀಟ್ ಎಂಬ ಒಂದು ತುಂಡನ್ನು ಬೋಲ್ಟಿನಿಂದ ಬಿಗಿಯಬೇಕು. ಆ ತುಂಡು ಪೆಡಲಿನ ಸ್ಪ್ರಿಂಗಿನ ಬಾಯೊಳಗೆ ಹೋಗಿ ಕಚ್ಚಿಕೊಳ್ಳುತ್ತದೆ. ಮತ್ತು ಬೋಲ್ಟುಗಳ ಸಂಖ್ಯೆಗನುಗುಣವಾಗಿ ಸವಾರರಲ್ಲಿ ಮತಭೇದಗಳು ಹುಟ್ಟಿಕೊಂಡಿವೆ. ಮೂರು ಬೋಲ್ಟಿನವರು ರಸ್ತೆಯ ಪಂದ್ಯಗಾರರು, ಅವರ ಕ್ಲೀಟು ಅಗಲವಾದ ಪ್ಲಾಸ್ಟಿಕ್ಕು, ಅಟ್ಟೆಯಿಂದ ಹೊರಕ್ಕೆ ಚಾಚಿಕೊಂಡಿರುತ್ತದೆ, ನಡೆದಷ್ಟೂ ಸವೆಯುತ್ತದೆ. ಎರಡು ಬೋಲ್ಟಿನವರು ಮೂಲತಃ ಗುಡ್ಡಬೆಟ್ಟ ಹತ್ತುವ ಸೈಕಲ್ಲಿನವರು, 1990ರಲ್ಲಿ ಜಪಾನಿನ ಶಿಮಾನೋ ಕಂಪೆನಿಯು ಹೊರತಂದ ಎಸ್‌ಪಿಡಿ ಪದ್ಧತಿಯ ಅನುಯಾಯಿಗಳು, ಅವರ ಕ್ಲೀಟು ಹೆಬ್ಬೆರಳಿನ ಎರಡು ಉಗುರುಗಳಷ್ಟು ಸಣ್ಣದಾದ ಉಕ್ಕು, ಅಟ್ಟೆಯ ಗುಳಿಯೊಳಗೆ ಹುದುಗಿರುವುದರಿಂದ ಮನುಷ್ಯನಂತೆ ನಡೆಯಬಹುದು. ನಾಲ್ಕು ಬೋಲ್ಟಿನ ಒಂದು ಅಲ್ಪಸಂಖ್ಯಾತ ಪಂಥವೂ ಉಂಟು. ಬೋಲ್ಟೇ ಇಲ್ಲದ ನಾನು ಅಲ್ಲಿಯವರೆಗೆ ಚಾರ್ವಾಕನಾಗಿದ್ದೆನೆಂದು ತಿಳಿಯಬೇಕು. ಮೂರು ಬೋಲ್ಟಿನವರಲ್ಲಿ ಮತ್ತೆ ಬಣ್ಣದ ಭೇದ: ಶಿಮಾನೋದವರ ಹಳದಿ ಕ್ಲೀಟು ತೊಟ್ಟರೆ ಹಿಮ್ಮಡಿಯು 6 ಡಿಗ್ರಿಯಷ್ಟು ಅತ್ತಿತ್ತ ಆಡಬಹುದು, ನೀಲಿಗೆ 2, ಕೆಂಪಿಗೆ ಸೊನ್ನೆ, ಆದರೆ ಲುಕ್‌ನವರ ಕೆಂಪಿಗೆ 9 ಡಿಗ್ರಿ, ಅವರಲ್ಲಿ ಸೊನ್ನೆಯಾದದ್ದು ಕಪ್ಪು. ಒಂದು ಮಠದಲ್ಲಿ ಉಪವಾಸದ ಗುರುತಾದ ಬಣ್ಣವು ಇನ್ನೊಂದು ಮಠದಲ್ಲಿ ಸಂತರ್ಪಣೆಯ ಗುರುತಾದಂತೆ. ಈ ಸೂಕ್ಷ್ಮಗಳಿಗೆ ಅರ್ಹನಾಗದ ನನಗೆ ಅವನು ಎರಡು ಬೋಲ್ಟಿನದನ್ನೇ ವಿಧಿಸಿ, ಅದರಲ್ಲಿಯೂ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಕೊಂಡಿ ಇರುವ, ಅಂದರೆ ಧೈರ್ಯ ಸಾಲದ ದಿನ ಮಗುಚಿ ತುಳಿಯಬಹುದಾದ ಪೆಡಲನ್ನು ಆರಿಸಿ, ಕ್ಲೀಟುಗಳಲ್ಲಿ ‘56’ ಎಂಬ ಅಂಕೆಯದನ್ನು ಕೈಗಿತ್ತನು.

“51 ಉಂಟಲ್ಲ, ಅದು ಹಿಮ್ಮಡಿ ಹೊರಗೆ ತಿರುಗಿಸಿದರೆ ಮಾತ್ರ ಬಿಡುವುದು. 56 ಹಾಗಲ್ಲ, ಹೆದರಿ ಮೇಲಕ್ಕೆ ಎಳೆದರೂ ಬಿಡ್ತದೆ.” ಕ್ಷಣಕಾಲ ಸುಮ್ಮನಿದ್ದು, “ಹೆಚ್ಚು ಕಡಿಮೆ” ಎಂದು ಸೇರಿಸಿದನು.

ಶೂವಿನ ಪ್ರಕರಣವು ಇದಕ್ಕಿಂತ ಕಠಿಣವಾಯಿತು. ಸೈಕಲ್ ಶೂಗಳನ್ನು ರೂಪಿಸಿದ ಯುರೋಪಿನ ಚರ್ಮಕಾರರ ಮನಸ್ಸಿನಲ್ಲಿದ್ದ ಪಾದವು ಮೀನಿನಂತೆ ನೀಳವೂ ಕೃಶವೂ ಆದದ್ದು. ನನ್ನದಾದರೋ ಗದ್ದೆಯ ಹುಣಿಯ ಮೇಲೆ ಬರಿಗಾಲಿನಲ್ಲಿ ಓಡಾಡಿ, ಕೆಸರಿನಲ್ಲಿ ಬೆರಳುಗಳನ್ನು ಬೀಸಣಿಗೆಯಂತೆ ಅರಳಿಸಿ ನಿಲ್ಲಲು ಕಲಿತ ಪಾದ. 42ರ ಶೂವಿನೊಳಗೆ ಹೆಬ್ಬೆರಳು ಹೋದರೆ ಕಿರುಬೆರಳು ಹೊರಗುಳಿಯುತ್ತಿತ್ತು. 44ರೊಳಗೆ ಎರಡೂ ಹೋದವು, ಹಿಮ್ಮಡಿಯ ಹಿಂದೆ ಒಂದು ಬಾಡಿಗೆ ಕೋಣೆಯಷ್ಟು ಸ್ಥಳ ಮಿಕ್ಕಿತು. ಕಡೆಗೆ ಅಗಲ ಪಾದದವರಿಗೆಂದೇ ಮಾಡಿದ 43ರ ಜೋಡಿಯೊಂದನ್ನು ಅವನು ಒಳಗಿನಿಂದ ತಂದನು. ಅದಕ್ಕೆ ದಾರವಿಲ್ಲ, ರೇಡಿಯೋವಿನ ತಿರುಗಣೆಯಂತಹ ಒಂದು ಗುಂಡಿಯುಂಟು, ಅದನ್ನು ಕಿರ್ ಕಿರ್ ಎಂದು ತಿರುಗಿಸಿದರೆ ತೆಳ್ಳಗಿನ ತಂತಿಯು ಪಾದವನ್ನು ನಾಲ್ಕು ಕಡೆಯಿಂದಲೂ ಆಲಿಂಗಿಸುತ್ತದೆ. ಅಟ್ಟೆಯು ನೈಲಾನಿನದು, ಬಗ್ಗದು. ಬಗ್ಗುವ ಅಟ್ಟೆಯು ತುಳಿತದ ಬಲವನ್ನು ತಾನೇ ನುಂಗುವುದರಿಂದ ಬಗ್ಗದಿರುವುದೇ ಅದರ ಗುಣವಂತೆ. ಇದಕ್ಕಿಂತಲೂ ಬಗ್ಗದ ಕಾರ್ಬನ್ ಅಟ್ಟೆಯದೂ ಇದ್ದಿತು. ಅದರ ಬೆಲೆಯನ್ನು ನೋಡಿ ನಾನೇ ಬಗ್ಗಿಹೋದೆನು.

ಬೆಲೆಯೆಂದ ಕೂಡಲೇ ಒಂದು ಮಾತು. ಕೊಲ್ಲಿಯ ಭಾರತೀಯನು ದಿರ್ಹಮನ್ನು ಕೂಡಲೇ ರೂಪಾಯಿಗೆ ಗುಣಿಸುತ್ತಾನೆ. ಪುತ್ತೂರಿನವನು ಅಲ್ಲಿಗೂ ನಿಲ್ಲದೆ ರೂಪಾಯಿಯನ್ನು ಅಡಿಕೆಗೆ ಭಾಗಿಸುತ್ತಾನೆ. ಪೆಡಲಿಗೆ 189, ಶೂವಿಗೆ 399, ಒಟ್ಟು 588 ದಿರ್ಹಂ. ದಿರ್ಹಮಿಗೆ 23ರಂತೆ ಹದಿಮೂರೂವರೆ ಸಾವಿರ ರೂಪಾಯಿ. ಕಿಲೋಗೆ 450 ಎಂದು ಹಿಡಿದರೂ 30 ಕಿಲೋ ಚಾಲಿ ಅಡಿಕೆ. ಆ ಅಡಿಕೆಯನ್ನು ಕೊಯ್ಯಿಸಿ, ಅಂಗಳದಲ್ಲಿ ಒಣಗಿಸಿ, ಸುಲಿಸಿ, ಗೋಣಿಗೆ ತುಂಬಿಸುವ ದೃಶ್ಯಗಳು ನನ್ನ ಕಣ್ಣ ಮುಂದೆ ಸಾಗುತ್ತಿರುವಾಗಲೇ ಕುಂಬಳೆಯವನು ಪೆಡಲಿನಿಂದ ಕಾಲನ್ನು ಬಿಡಿಸಿಕೊಳ್ಳುವ ವಿಧಾನವನ್ನು ವಿವರಿಸುತ್ತಿದ್ದನೆಂಬುದು ಆಮೇಲೆ ತಿಳಿಯಿತು. ಅಭಿಮನ್ಯುವಿಗಾದರೆ ಚಕ್ರವ್ಯೂಹದ ನಿರ್ಗಮವು ಕೇಳಿಸದಿದ್ದುದಕ್ಕೆ ತಾಯಿಯ ನಿದ್ರೆಯ ನೆಪವಾದರೂ ಇದ್ದಿತು. ನನಗೆ ಅಡ್ಡಬಂದದ್ದು ಅಡಿಕೆ.

“ಬೀಳ್ಲಿಕ್ಕುಂಟು ಅಣ್ಣ,” ಎಂದು ಅವನು ಬಿಲ್ಲನ್ನು ಮಡಿಸಿ ಕೊಡುತ್ತ ಹೇಳಿದನು. “ಎಲ್ಲರಿಗೂ ಮೂರು ಸಲ. ಮೂರು ಆದ ಮೇಲೆ ಮತ್ತೆ ಇಲ್ಲ.”

ಹಳೆಯ ಪೆಡಲನ್ನು ಕಳಚಿ ಹೊಸದನ್ನು ಜೋಡಿಸುವ ಕೆಲಸವನ್ನು ಅಂಗಡಿಯಲ್ಲಿಯೇ ಮಾಡಿಸಬಹುದಾಗಿದ್ದಿತು. ಮೂವತ್ತು ಕಿಲೋ ಅಡಿಕೆ ತೆತ್ತವನು ಮತ್ತೆ ಮಜೂರಿಯನ್ನೂ ತೆರುವನೇ? ಮನೆಗೆ ತಂದು, ಬಾಲ್ಕನಿಯಲ್ಲಿ ಸೈಕಲ್ಲನ್ನು ಮಗುಚಿ ನಿಲ್ಲಿಸಿ, 15ರ ಸ್ಪ್ಯಾನರನ್ನು ಎಲ್ಲಿಂದಲೋ ಸಂಪಾದಿಸಿ, ಹೆಂಡತಿಯ ಕೈಗೆ ಟಾರ್ಚನ್ನು ಕೊಟ್ಟು ಕುಳಿತೆನು. ಬಲಗಡೆಯದು ಸಲೀಸಾಗಿ ಬಂದಿತು. ಎಡಗಡೆಯದು ಬರಲೊಲ್ಲದು. ಅರ್ಧ ಗಂಟೆ ಹೆಣಗಿದೆನು. ಸ್ಪ್ಯಾನರಿಗೆ ಲಟ್ಟಣಿಗೆಯನ್ನು ಕಟ್ಟಿ ತಿರುಗಿಸಿದೆನು. ಅದು ಪ್ರತಿ ಪಟ್ಟಿಗೂ ಇನ್ನಷ್ಟು ಬಿಗಿಯಾದಂತೆ ತೋರುತ್ತಿತ್ತು, ಏಕೆಂದರೆ ನಿಜವಾಗಿಯೂ ಬಿಗಿಯಾಗುತ್ತಿತ್ತು. ಸವಾರಿ ಮಾಡುವಾಗ ತಾನಾಗಿ ಸಡಿಲಗೊಂಡು ಬಿದ್ದುಹೋಗದಿರಲೆಂದು ಎಡ ಪೆಡಲಿನ ತಿರುಪನ್ನು ಲೋಕದ ರೂಢಿಗೆ ವಿರುದ್ಧವಾಗಿ ಕೊರೆದಿರುತ್ತಾರೆಂಬುದನ್ನು ನಾನು ಅರಿಯೆನು.

“ನೀವು ಶ್ರಾದ್ಧಕ್ಕೆ ಕೂತಾಗ ಜನಿವಾರ ಆಚೆ ಹಾಕ್ತೀರಲ್ಲ, ಇದು ಹಾಗೇ ಇರಬೇಕು. ತಿರುಗಿಸಿ ನೋಡಿ,” ಎಂದಳು ಹೆಂಡತಿ, ಟಾರ್ಚಿನ ಕೈಯನ್ನು ಬದಲಿಸುತ್ತ.

ಅಪಸವ್ಯವಾಗಿ ತಿರುಗಿಸಿದೆನು. ಬಂದಿತು. ಆಕೆಯು ಮುಂದೆ ಏನನ್ನೂ ಹೇಳಲಿಲ್ಲ. ಹೇಳದಿದ್ದುದೇ ಹೇಳಿದುದಕ್ಕಿಂತ ಹೆಚ್ಚಾಯಿತು.

ಹೊಸ ಪಾದರಕ್ಷೆಗಳನ್ನು ಧರಿಸಿ, ಅವುಗಳ ಉಕ್ಕಿನ ತುಂಡು ಅಮೃತಶಿಲೆಯ ಮೇಲೆ ಟಕಟಕನೆ ಸದ್ದು ಮಾಡುತ್ತಿರಲು, ನಾನು ಲಿಫ್ಟಿನಲ್ಲಿಳಿದು ನೆಲಮಾಳಿಗೆಯ ಪಾರ್ಕಿಂಗಿಗೆ ಹೋದೆನು. ಅಲ್ಲಿ ನಮ್ಮ ಕಟ್ಟಡದ ನಾತೂರ್, ಎಂದರೆ ಕಾವಲುಗಾರ, ಪೇಶಾವರದ ಕಡೆಯ ಆಜಾನುಬಾಹು ವೃದ್ಧನು, ಕುರ್ಚಿಯಲ್ಲಿ ಕುಳಿತು ಚಹ ಕುಡಿಯುತ್ತಿದ್ದನು. ಹೆಬ್ಬೆರಳ ಬುಡದ ಉಬ್ಬಿನ ನೇರಕ್ಕೆ ಇರುವಂತೆ ಬಿಗಿದಿದ್ದ ಕ್ಲೀಟನ್ನು ಪೆಡಲಿನ ಬಾಯಿಗೆ ತಡಕಿ ತಡಕಿ ಒತ್ತಿದೆನು: ಟಕ್. ಇನ್ನೊಂದು: ಟಕ್. ಆಹಾ, ಆ ಕ್ಷಣದ ಸುಖವನ್ನು ಅಲ್ಲಗಳೆಯಲಾರೆನು. ಸೈಕಲ್ಲೆಂಬುದು ನಾನು ಕುಳಿತ ವಸ್ತುವಾಗಿರದೆ ನನ್ನ ಸೊಂಟದ ಕೆಳಗಿನ ಅಂಗವೇ ಆದಂತೆ, ತುಳಿದದ್ದೆಲ್ಲವೂ ಚಕ್ರಕ್ಕೆ ಸಲ್ಲುವಂತೆ, ಏರುವ ಕಾಲು ಕೂಡ ಸುಮ್ಮನೆ ಕೂರದೆ ಕೆಲಸ ಮಾಡುವಂತೆ ಅನ್ನಿಸಿತು. ಕಂಬಗಳ ಸುತ್ತ ಹತ್ತು ಪ್ರದಕ್ಷಿಣೆಗಳನ್ನು ಬಂದೆನು. ಹನ್ನೊಂದನೆಯದರಲ್ಲಿ, ಇಳಿಜಾರಿನಿಂದ ಮೂರನೆಯ ಮಹಡಿಯವರ ಬಿಳಿಯ ಕಾರು ಇಳಿದು ಬಂದಿತು. ಬ್ರೇಕು ಹಿಡಿದೆನು, ಸೈಕಲ್ಲು ನಿಂತಿತು, ನಲವತ್ತು ವರ್ಷಗಳ ಅಭ್ಯಾಸದಂತೆ ಎಡಪಾದವು ನೆಲವನ್ನು ಮುಟ್ಟಲೆಂದು ಹೊರಟಿತು. ಹೊರಟಿತೇ ಹೊರತು ಹೋಗಲಿಲ್ಲ.

ನಿಂತ ಸೈಕಲ್ಲಿನಿಂದ ಬೀಳುವುದಕ್ಕೆ ಎಷ್ಟು ದೀರ್ಘವಾದ ಕಾಲ ಹಿಡಿಯುತ್ತದೆಂಬುದನ್ನು ಬಿದ್ದವರೇ ಬಲ್ಲರು. ವೇಗದಲ್ಲಿ ಬೀಳುವವನಿಗೆ ಬಿದ್ದ ಮೇಲಷ್ಟೇ ಸುದ್ದಿ ತಿಳಿಯುತ್ತದೆ. ನನಗಾದರೋ ಮೊದಲು ಸುದ್ದಿ ಬಂದಿತು, ತರುವಾಯ ಅದರ ವಿವರಗಳು ಬಂದವು, ಆಮೇಲೆ ಪಶ್ಚಾತ್ತಾಪವೂ ಬಂದಿತು, ಕಟ್ಟಕಡೆಗೆ ನೆಲವು ಬಂದಿತು. ಬುಡ ಕಡಿದ ಅಡಿಕೆ ಮರವು ಎತ್ತ ಬೀಳಲೆಂದು ಒಂದು ಗಳಿಗೆ ತೂಗಿ ನೋಡಿ ಅನಂತರ ಅಖಂಡವಾಗಿ ಒರಗುವಂತೆ, ಹ್ಯಾಂಡಲ್ಲನ್ನು ಬಿಡದೆ, ಕಾಲುಗಳನ್ನು ಬಿಡಿಸಿಕೊಳ್ಳದೆ, ಸೈಕಲ್ ಸಮೇತನಾಗಿ, ಎಡಕ್ಕೆ ಒರಗಿದೆನು. 56 ಎಂಬ ಆ ದಯಾಳುವಾದ ಕ್ಲೀಟು, ನಾನು ಸಂಪೂರ್ಣ ಮಲಗಿದ ಮೇಲೆ, ಮರ್ಯಾದೆಗೆಂಬಂತೆ ಬಿಟ್ಟುಕೊಂಡಿತು. ಕಾರಿನವರು ಗಾಜನ್ನಿಳಿಸಿ, ನನಗೆ ನಾಚಿಕೆಯಾದೀತೆಂದು ಮತ್ತೆ ಏರಿಸಿಕೊಂಡು ಹೋದರು. ನಾತೂರನು ಮಾತ್ರ ಚಹದ ಲೋಟವನ್ನು ಕೆಳಗಿಟ್ಟು ಬಂದು, ನನ್ನನ್ನೂ ಸೈಕಲ್ಲನ್ನೂ ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿ, ಶೂವಿನ ಅಡಿಯನ್ನೂ ಪೆಡಲಿನ ಬಾಯಿಯನ್ನೂ ಬೆರಳಿನಿಂದ ಮುಟ್ಟಿ ಪರೀಕ್ಷಿಸಿ, ನಿಜವಾದ ಜಿಜ್ಞಾಸೆಯಿಂದ ಕೇಳಿದನು: “ಸಾಬ್, ಪೈರ್ ಕ್ಯೋಂ ಬಾಂಧಾ?”

ಕಾಲನ್ನು ಕಟ್ಟಿಕೊಂಡಿದ್ದೇಕೆ? ಇನೋ, ಟೂರ್ ದ ಫ್ರಾನ್ಸು, ತುಳಿತದ ಬಲ ಇವೆಲ್ಲವೂ ನಾಲಗೆಯ ತುದಿಯವರೆಗೆ ಬಂದು ಹಿಂದಿರುಗಿದವು. ಆ ಪ್ರಶ್ನೆಗೆ ನಾನು ಈವರೆಗೂ ಉತ್ತರ ಕೊಟ್ಟಿಲ್ಲ.

ಮೊಣಕೈಗೆ ತೆಂಗಿನೆಣ್ಣೆ ಅರಸಿನ ಹಚ್ಚುತ್ತ ಹೆಂಡತಿಯು, “ನಿಮಗೆ ಎಂತ ಮರ್ಲಾ? ನಿಲ್ಲಲಿಕ್ಕೆ ಬಾರದವರು ಹೊರಡುವುದು ಯಾಕೆ?” ಎಂದಳು.

ಎರಡನೆಯ ಪತನವು ಸಾರ್ವಜನಿಕವಾದದ್ದು. ಒಂದು ತಿಂಗಳ ಕಾಲ ಗೋಡೆಯನ್ನು ಹಿಡಿದುಕೊಂಡು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮವನ್ನು ಮಾಡಿ, ಆಫೀಸಿನಲ್ಲಿ ಮೇಜಿನ ಕೆಳಗೆ ಯಾರಿಗೂ ಕಾಣದಂತೆ ಅದನ್ನೇ ಜಪಿಸಿ, ಪೆಡಲಿನ ಬೆನ್ನಿನಲ್ಲಿರುವ ಸಣ್ಣ ತಿರುಪನ್ನು 3ರ ಅಲೆನ್ ಕೀಲಿಯಿಂದ ಸಡಿಲಿಸಿ ಸ್ಪ್ರಿಂಗಿನ ಹಿಡಿತವನ್ನು ಕನಿಷ್ಠಕ್ಕೆ ಇಳಿಸಿ, ನಾನು ಅಲ್ ಕುದ್ರಾಕ್ಕೆ ಮರಳಿದೆನು. ನನ್ನಿಂದಲೂ ಎರಡು ‘ಟಕ್’ಗಳು ಹೊರಟವು. ಹೊಸ ಪೆಡಲಿನ ಕೃಪೆಯೋ, ಬೆನ್ನಿನ ಗಾಳಿಯ ಕೃಪೆಯೋ ಅರಿಯೆ, ಮೂವತ್ತು ಕಿಲೋಮೀಟರು ಹಾರಿಹೋದಂತೆ ಕಳೆಯಿತು. ಈ ನಾಡಿನ ಹೆಸರನ್ನು ಎದೆಯ ಮೇಲೆ ಧರಿಸಿದ ತಂಡದಲ್ಲಿದ್ದುಕೊಂಡು 2020ರಲ್ಲಿಯೂ 2021ರಲ್ಲಿಯೂ, ನಡುವೆ ಎರಡು ವರ್ಷ ಬಿಟ್ಟು 2024ರಲ್ಲಿಯೂ ಟೂರ್ ದ ಫ್ರಾನ್ಸನ್ನು ಗೆದ್ದ ಸ್ಲೊವೇನಿಯದ ಪೊಗಾಚಾರನ ಬಗೆಗೆ ತರುಣ ಸಹೋದ್ಯೋಗಿಯು ಹೇಳುತ್ತಿದ್ದಂತೆಲ್ಲ, ಆ ಮಹಾನುಭಾವನಿಗೂ ನನಗೂ ಇರುವ ಅಂತರವು ಬರಿಯ ವಯಸ್ಸಿನದೆಂದು ನನಗೆ ತೋರತೊಡಗಿದ್ದಿತು. ಹೀಗಿರುವಾಗ ಕಾಫಿಯ ತಾಣವು ಬಂದಿತು.

ಈ ಸಲ ನಾನು ಮರೆಯಲಿಲ್ಲ. ಐವತ್ತು ಮಾರು ಮುಂಚಿತವಾಗಿಯೇ ಬಲ ಹಿಮ್ಮಡಿಯನ್ನು ತಿರುಗಿಸಿ ಬಿಡಿಸಿಕೊಂಡು, ಆ ಕಾಲನ್ನು ಎಲ್ಲರಿಗೂ ಕಾಣುವಂತೆ ಇಳಿಬಿಟ್ಟುಕೊಂಡು, ಗಂಭೀರವಾಗಿ ಬಂದು ನಿಂತೆನು. ಆದರೆ ನಿಂತ ಜಾಗದಲ್ಲಿ, ಗಾಳಿಯು ಹಿಂದಿನ ರಾತ್ರಿ ತಂದು ಸುರಿದ ಮರಳಿನ ಒಂದು ತೆಳುವಾದ ದಿಂಬು ಬಲಗಡೆಗೆ ಇದ್ದುದರಿಂದ, ಸೈಕಲ್ಲು ಎಡಕ್ಕೆ ವಾಲಿತು. ಬಲಗಾಲು ಸ್ವತಂತ್ರ, ಎಡಗಾಲು ಬಂಧಿ, ವಾಲಿದ್ದು ಎಡಕ್ಕೆ. ಬಿಡಿಸಿಕೊಂಡ ಕಾಲನ್ನು ಆಕಾಶಕ್ಕೆ ಎತ್ತಿ ಹಿಡಿದು ಬೀಳುವ ಈ ಭಂಗಿಯನ್ನು ನಟರಾಜನು ನೋಡಿದ್ದರೆ ಏನೆನ್ನುತ್ತಿದ್ದನೋ. ನೋಡಿದವರು ಮಾತ್ರ ಮೂವತ್ತು ನಲವತ್ತು ಮಂದಿ, ಹಲವು ಖಂಡಗಳವರು, ಬಿಗಿಯುಡುಪಿನವರು, ಕೈಯಲ್ಲಿ ಕಾಫಿ ಹಿಡಿದವರು. ವಿಚಿತ್ರವೆಂದರೆ ಯಾರೂ ನಗಲಿಲ್ಲ. ಒಬ್ಬೊಬ್ಬರೂ ಒಂದು ನಿಮಿಷ ತಂತಮ್ಮ ಪಾದಗಳ ಕಡೆಗೆ ನೋಡಿಕೊಂಡರು. ಅನಂತರ, ನರೆಗೂದಲಿನ ಆಂಗ್ಲ ಮಹಿಳೆಯೊಬ್ಬಳು ತನ್ನ ಲೋಟವನ್ನು ತುಸು ಮೇಲೆತ್ತಿ, ಮದುವೆಯ ಮನೆಯ ಬಾಗಿಲಿನಲ್ಲಿ ನಿಂತು ಪನ್ನೀರು ಚಿಮುಕಿಸುವವರ ಸೌಜನ್ಯದಿಂದ, ‘ವೆಲ್‌ಕಮ್’ ಎಂದಳು. ಕ್ಲೀಟಿನ ಸಂದಿಯಲ್ಲಿ ಸಿಕ್ಕಿಕೊಂಡ ಮರಳನ್ನು ಬೇವಿನ ಕಡ್ಡಿಯಿಂದ ಕೆದಕಿ ತೆಗೆಯುವುದನ್ನು ಆಕೆಯೇ ನನಗೆ ಕಲಿಸಿಕೊಟ್ಟಳು. ಅದನ್ನು ತೆಗೆಯದಿದ್ದರೆ ಒಳಗೆ ಹೋಗಲೂ ಆಗದು, ಹೋದದ್ದು ಹೊರಗೆ ಬರಲೂ ಆಗದು ಎಂದಳು.

ಅಬುಧಾಬಿಯ ವಿಷಯವನ್ನು ಬಿಡುವಂತಿಲ್ಲ, ಏಕೆಂದರೆ ನಾನು ನಿಶ್ಚಿಂತನಾಗಿ ಸವಾರಿ ಮಾಡುವ ಸ್ಥಳವು ಜಗತ್ತಿನಲ್ಲಿ ಅದೊಂದೇ. 2021ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದಿಂದ ‘ಬೈಕ್ ಸಿಟಿ’ ಎಂಬ ಬಿರುದನ್ನು ಏಷ್ಯಾದಲ್ಲಿಯೇ ಮೊದಲಿಗೆ ಪಡೆದ ಆ ನಗರದ ಯಾಸ್ ದ್ವೀಪದಲ್ಲಿ, 2009ರಿಂದ ಫಾರ್ಮುಲಾ ಒನ್ ಕಾರುಗಳು ಓಡುವ ಪಥವನ್ನು ವಾರದ ಗೊತ್ತಾದ ಸಂಜೆಗಳಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುತ್ತಾರೆ. ಒಂದು ಸುತ್ತು ಐದು ಕಿಲೋಮೀಟರಿಗೆ ಸ್ವಲ್ಪ ಮಿಕ್ಕಿದ್ದು. ಹಾದಿಯು ಒಂದೆಡೆ ಹೋಟೆಲೊಂದರ ಹೊಟ್ಟೆಯ ಕೆಳಗೇ ಹಾದುಹೋಗುತ್ತದೆ. ನೆತ್ತಿಯ ಮೇಲೆ ಅದರ ಬಲೆಯಂತಹ ಮೈಯು ನೇರಳೆಯಿಂದ ನೀಲಿಗೆ ಬಣ್ಣ ಬದಲಿಸುತ್ತಿರುತ್ತದೆ. ಅಲ್ಲಿ ಸಿಗ್ನಲ್ಲಿಲ್ಲ, ಅಡ್ಡರಸ್ತೆಯಿಲ್ಲ, ಇಳಿಜಾರಿನಿಂದ ಬಿಳಿಯ ಕಾರು ಬರುವುದಿಲ್ಲ. ಆದಕಾರಣ ನಿಲ್ಲುವ ಪ್ರಮೇಯವೇ ಇಲ್ಲ. ಹೆಂಡತಿಯು ಗೋಳಿಬಜೆಯ ಡಬ್ಬಿಯನ್ನು ಹಿಡಿದು ನಿಧಾನವಾಗಿ ಒಂದು ಸುತ್ತು ನಡೆಯುವಷ್ಟರಲ್ಲಿ ನಾನು ಐದು ಸುತ್ತು ಬರುತ್ತೇನೆ. ಪ್ರತಿ ಸಲ ಪಕ್ಕದಿಂದ ಹಾದಾಗಲೂ ಆಕೆಯು ಡಬ್ಬಿಯನ್ನು ಮುಂದೆ ಚಾಚುತ್ತಾಳೆ. ನಿಂತರೆ ತಾನೆ ತಿನ್ನುವುದು? ಮುಕ್ತಾಯದ ಹೊತ್ತಾಯಿತೆಂದು ಕಾವಲಿನವರು ಕೈಬೀಸಿದ ಮೇಲೆ, ಬಾಗಿಲು ಇನ್ನೂ ಕಾಲು ಕಿಲೋಮೀಟರು ದೂರವಿರುವಾಗಲೇ, ಎರಡೂ ಪಾದಗಳನ್ನು ಬಿಡಿಸಿಕೊಂಡು, ಹಾರುವ ಕೊಕ್ಕರೆಯಂತೆ ಕಾಲುಗಳನ್ನು ಇಳಿಬಿಟ್ಟು ತೇಲಿಬರುವ ಮುದುಕನನ್ನು ನೀವು ಅಲ್ಲಿ ಕಂಡಿದ್ದರೆ ಅದು ನಾನೇ ಇರಬೇಕು.

ಎರಡು ಆಗಿದ್ದವು, ಮೂರನೆಯದು ಬಾಕಿಯಿದ್ದಿತು. ಲೆಕ್ಕ ಬರೆಯುವವನಿಗೆ ಬಾಕಿಯೆಂಬುದು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ. ತಿಂಗಳುಗಳು ಕಳೆದವು, ಹಿಮ್ಮಡಿಯು ಈಗ ನನ್ನ ಅಪ್ಪಣೆಯನ್ನು ಕಾಯದೆ, ಬ್ರೇಕಿಗೆ ಬೆರಳು ತಗುಲಿದೊಡನೆಯೇ ತಾನಾಗಿ ಹೊರಕ್ಕೆ ತಿರುಗತೊಡಗಿತು, ನಾದ್ ಅಲ್ ಶೆಬಾದ ಸೈಕಲ್ ಹಾದಿಯ ದೀಪಗಳ ಕೆಳಗೆ ರಾತ್ರಿಯ ಹೊತ್ತು ಹತ್ತು ಸಲ ನಿಂತು ಹತ್ತು ಸಲ ಹೊರಟರೂ ಏನೂ ಆಗಲಿಲ್ಲ. ಹೀಗಿರಲು ರಜೆಯ ಮೇಲೆ ಊರಿಗೆ ಹೋದೆನು. ಕೊಟ್ಟಿಗೆಯ ಮಾಡಿನಲ್ಲಿ ತಂದೆಯವರ ಕಾಲದ ಹರ್ಕ್ಯುಲಿಸ್ ಸೈಕಲ್ಲು ಇನ್ನೂ ಒರಗಿಕೊಂಡಿದ್ದಿತು. ತಮ್ಮನು ಅದರಲ್ಲಿ ಡೈರಿಗೆ ಹಾಲು ಒಯ್ಯುತ್ತಾನೆ. ಮಳೆ ಬಿಟ್ಟ ಒಂದು ಬೆಳಿಗ್ಗೆ, ಲುಂಗಿಯನ್ನು ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯನ್ನು ಮೆಟ್ಟಿ, ಹಾಲಿನ ಕ್ಯಾನನ್ನು ನಾನೇ ತೆಗೆದುಕೊಂಡು ಹೊರಟೆನು. ಡೈರಿಯ ಮುಂದೆ ತೋಡಿನ ಮೇಲಿನ ಸಣ್ಣ ಸೇತುವೆಯ ಬಳಿ ಎದುರಿಗೆ ಹಸುವೊಂದು ಬಂದಿತು. ಬ್ರೇಕಿಗೆ ಬೆರಳು ತಗುಲಿತು. ಎಡ ಹಿಮ್ಮಡಿಯು, ತಾನು ಹೇಗೆ ಕಲಿತಿದ್ದಿತೋ ಹಾಗೆ, ಬಲವಾಗಿ, ಚೊಕ್ಕವಾಗಿ, ಹೊರಕ್ಕೆ ತಿರುಗಿತು. ಯಾವ ಕೊಂಡಿಯೂ ಹಿಡಿಯದ ಆ ಚಪ್ಪಲಿಯು ಪಾದದಿಂದ ಕಳಚಿ, ಗಾಳಿಯಲ್ಲಿ ಎರಡು ಸುತ್ತು ತಿರುಗಿ, ತೋಡಿನ ಕೆಂಪು ನೀರಿಗೆ ಬಿದ್ದು, ತೋಟದ ಕಡೆಗೆ ತೇಲಿಹೋಯಿತು. ನಾನು ಬರಿಗಾಲನ್ನು ಕೆಸರಿನಲ್ಲಿ ಊರಿ ನಿಂತಿದ್ದೆನು.

“ಎಂತ ಅಣ್ಣ, ಕಾಲು ಉಳುಕಿತಾ?” ಎಂದು ತಮ್ಮನು ಹಿಂದಿನಿಂದ ಕೂಗಿದನು.

ಇಲ್ಲವೆಂದೆನು. ಬಿದ್ದದ್ದು ನಾನಲ್ಲ, ಚಪ್ಪಲಿ. ಇದನ್ನು ಮೂರನೆಯದೆಂದು ಜಮಾ ಮಾಡಬಹುದೇ ಎಂಬುದನ್ನು ದುಬೈಗೆ ಹೋದ ಮೇಲೆ ಕುಂಬಳೆಯವನ ಬಳಿ ಕೇಳಬೇಕು.